ದರಪಟ್ಟಿ

ಗಳಾ ಹಿಡಿದ ಕೈ ನಂದು.
ಈಗ ಬ್ರಿಜ್ಜಿನ ಮ್ಯಾಲ ಗೇಟು ಕಾಯ್ತೀನಿ,
ಖಾಕಿ ಅಂಗಿ, ಸೀಟಿ, ಬ್ಯಾಟರಿ.
ನೀರು ಎಷ್ಟು ಬಿಡಬೇಕಂತ
ಫೋನಿನಾಗ ಯಾರೋ ಹೇಳ್ತಾರ.
ಮೊದಲ ಭೀಮಾನೇ ಹೇಳ್ತಿದ್ದಳು.

ಕೆಳಗ ಹಾಲಗಡ್ಡಿ ಕಟ್ಟಿ.
ಹದಿನಾರು ಪಾವಟಿಗಿ, ಐದು ನೀರಾಗ ಮುಳಗ್ಯಾವ.
ಹರಿಗೋಲು ಕಟ್ಟೂ ಕಲ್ಲಿನ ಗೂಟ,
ಹಗ್ಗ ತಿಕ್ಕಿ ತಿಕ್ಕಿ ಅದರ ಕುತ್ತಿಗಿ ಸವದದ.
ತೊಗರಿ ಚೀಲ, ಶೇಂಗಾ, ಟಪಾಲು,
ಯಾದಗಿರಿ ಸಂತಿಗೆ ಹೊಂಟ ಕೋಳಿಬುಟ್ಟಿ,
ಬ್ಯಾನಿ ತಿನ್ನೂ ಬಸುರಿ ಒಬ್ಬಾಕಿ—
ನಡು ಹೊಳ್ಯಾಗೇ ಹಡದಳು, ಗಂಡು.
ಆ ಹುಡುಗನ ಊರು ಯಾವ ದಂಡೀದಂತ
ಇನ್ನಾ ವಾದ ನಡದದ.

ಬ್ರಿಜ್ಜು ಬಂತು. ಕಟ್ಟಿ ಮ್ಯಾಲ ಜಾಲಿ ಬೆಳೀತು.
ಕುಡದವರ ಬಾಟ್ಲಿ, ಸತ್ತವರ ಹಾಸಿಗಿ.
ನಾ ಮ್ಯಾಲಿಂದ ನೋಡ್ತಿದ್ದೆ.
ಅತ್ತ ಕಡಿ ಉಗುಳ್ತಿರಲಿಲ್ಲ, ಅಷ್ಟೇ.

ಹಳ್ಳೆಮ್ಮ ಬಂದಳು, ತಂಗಿ ಮಗಳು,
ಹೈದ್ರಾಬಾದಿನ ಬೇಕರಿ ಭಟ್ಟಿ ಮುಂದ
ಆರು ವರ್ಷ ಬೆವರು ಒರಸಿಕೊಂಡಾಕಿ.
ಅಕಿ ಹಿಂದ ದೇವಿಂದ್ರ, ಪುಣೆದಾಗ ಸೆಂಟ್ರಿಂಗ್ ಕಟ್ತಿದ್ದ.
ಮತ್ತ ಜಿಲಾನಿ, ಎಲ್ಲಿದ್ದನೋ, ಹೇಳಂಗಿಲ್ಲ.
ಕೆಲಸ ಹೋಗ್ಯಾವ, ಅದಕ್ಕ ಬಂದಾರ, ಅಂದಿತು ಊರು.
ಖರೇನೂ ಇರಬಹುದು. ನಾ ಕೇಳಲಿಲ್ಲ.
ದಾಟೋರನ್ನ ಯಾಕ ದಾಟ್ತೀರಿ ಅಂತ
ಅಂಬಿಗ ಕೇಳೂದಿಲ್ಲ.

ಮೂರು ವಾರ ಜಾಲಿ ಕಡದರು.
ಸುಂಕದ ಖೋಲಿ ಗ್ವಾಡಿಗೆ ಸಿಮೆಂಟಿನ ಜಾಹೀರಾತು,
ಹಳದಿ ಬಣ್ಣ, ನಗೂ ಮೇಸ್ತ್ರಿ.
ತಿಕ್ಕಿದರ ಸುಣ್ಣ. ಸುಣ್ಣದ ಕೆಳಗ ಕೆಂಪು ಅಕ್ಷರ,
ಎಡಕ್ಕ ಕನ್ನಡ, ಬಲಕ್ಕ ಉರ್ದು:

*ಆಳಿಗೆ ಒಂದಾಣೆ.*
*ಎತ್ತಿಗೆ ಎರಡಾಣೆ, ಈಸಿ ಬಂದರೆ ಮಾಫಿ.*
*ಮದುಮಗಳಿಗೆ ಮಾಫಿ.*
*ಹೆಣಕ್ಕೆ ಮಾಫಿ, ಹೊತ್ತವರಿಗೆ ಇಲ್ಲ.*

ಉರ್ದು ಯಾರಿಗೂ ಬರಲಿಲ್ಲ, ಜಿಲಾನಿಗೂ.
ಅವನ ಮುತ್ತಜ್ಜಿ ಖಾಜಾಬೀಗೆ
ಕುರ್ಚಿ ಸಮೇತ ಹೊತ್ತು ತಂದರು.
ಚಸ್ಮಾ ಒರಸಿ ಓದಿದಳು: ಅದೇ ಅದ,
ಒಂದು ಸಾಲು ಹೆಚ್ಚು.
ಕನ್ನಡದಾಗ ಅಲ್ಲಿ ಗ್ವಾಡಿ ಬಿರುಕು.
*ರಾತ್ರಿ ಕೂಗಿದರೂ ಬರತಕ್ಕದ್ದು.*

ನನಗ್ಯಾರೂ ಹೇಳಿದ್ದಿಲ್ಲ ಇದು.
ಹೋಗ್ತಿದ್ದೆ.

ಈಗ ಖೋಲ್ಯಾಗ ಚಹಾ ಕುದೀತದ,
ಜೋಳದ ಹಿಟ್ಟಿನ ಬಿಸ್ಕೀಟು, ಕಾದ ಎಣ್ಣ್ಯಾಗ ಮೀನು.
ಮೊದಲ ದಿನ ಗಲ್ಲಾ ಮುನ್ನೂರ ನಲವತ್ತು,
ಅದರಾಗ ಇಪ್ಪತ್ತು ಹರಿದ ನೋಟು.
ಪಂಚಾಯ್ತಿಯವರು ನೋಟೀಸು ಹಚ್ಚಿದರು,
ಹಚ್ಚಿ, ಅಲ್ಲೇ ಕುಂತು ಮೀನು ತಿಂದರು.

ದೇವಿಂದ್ರನ ಹರಿಗೋಲು ಮಾತ್ರ ಕುಂದರವಲ್ದು.
ಕಬ್ಬಿಣ ಕಟ್ಟಿದ ಬೆರಳು, ಬಿದಿರಿಗೆ ಬಗ್ಗವು.
ಕಾಕಾ, ಬಂದು ತೋರ್ಸು, ಅಂದ.
ಡ್ಯೂಟಿ ಅದ, ಅಂದೆ. ಮರದಿನಾನೂ ಅಂದೆ.
ಮೂರನೇ ದಿನ ರಜಾ ಚೀಟಿ ಬರದೆ:
ಕಾರಣ, ಹೊಟ್ಟಿನೋವು.
ಸುಳ್ಳೇನಲ್ಲ.

ಶಹಾಪುರದಿಂದ ಬಂದ ಮಾಸ್ತರ್ ಕೇಳಿದ,
ಆ ದಂಡಿಗೆ ಏನದ ನೋಡಾಕ?
ಏನೂ ಇಲ್ಲ. ಒಂದು ಹುಣಸಿ ಮರ.
ಮತ್ಯಾಕ ಹೋಗೂದು?
ಹಳ್ಳೆಮ್ಮ ಚಹಾ ಸೋಸ್ತಾ ಅಂದಳು,
ಕೆಲಸ ಇಲ್ದ ದಾಟಿ ನೋಡ್ರಿ ಒಮ್ಮೆ.
ನಲವತ್ತು ವರ್ಷ ದಾಟಿಸಿದೆ.
ಕೆಲಸ ಇಲ್ದ ದಾಟಿದವರು
ಒಬ್ಬರೂ ನೆನಪಿಗೆ ಬರಲಿಲ್ಲ.

ನಿನ್ನೆ ಅಮಾಸಿ. ಗೇಟಿನ ಕಟ್ಟಿ ಮ್ಯಾಲ ಕುಂತಿದ್ದೆ.
ಆ ದಂಡಿಯಿಂದ ಕೂಗು, ಓ ನಾವಿನವ್ರಾ.
ಬ್ರಿಜ್ಜು ಅದ, ಗಾಡಿ ಅದಾವ, ಯಾರೋ ಮೋಜಿಗೆ ಕೂಗಿರಬೇಕು.
ಕಾಲು ಎದ್ದಿದ್ದವು ಆಗಲೇ.
ಕೈ ಕತ್ತಲ್ಯಾಗ ಗಳಾ ಹುಡುಕ್ತಿತ್ತು.

ಬಗ್ಗಿ ನೋಡಿದೆ.
ಕೆಳಗ ಗೂಟ ಬರೇ ಇತ್ತು, ಹಗ್ಗ ಇಲ್ಲ.
ನಡು ಹೊಳ್ಯಾಗ ಒಂದು ಕಂದೀಲು
ತಿರುಗ್ತಾ ತಿರುಗ್ತಾ ಹೊಂಟಿತ್ತು.